ಅಂಕಣ ಯಾರ ಮನೆಯದು?

(ಅರಕಲಗೂಡು ತಾಲ್ಲೂಕು ರುದ್ರಪಟ್ಟಣದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇವತ್ತು ನಾವು ಒಬ್ಬ ಅಂಕಣಕಾರನ ಬದುಕಿನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇವೆ. ‘ನಮಗ್ಯಾಕಪ್ಪಾ ಅಂಕಣಕಾರನ ಕತೆ, ನಮ್ಮ ಸ್ಕಾಲರ್‌ಶಿಪ್ಪಿನ ಮಾತಾಡಿ, ಹಾಸ್ಟೆಲ್ ಊಟದ ಮಾತಾಡಿ’ ಅಂತ ನಿಮಗೆ ಅನ್ನಿಸಬಹುದು. ಅದೇ ಮಾತಿಗೆ ಬರ್ತೀವಿ. ಸ್ಕಾಲರ್‌ಶಿಪ್ಪು ಯಾಕೆ ತಡವಾಯ್ತು, ಅನ್ನದಲ್ಲಿ ಹುಳ ಯಾಕೆ ಬಂತು ಅನ್ನೋದನ್ನ ಲೋಕಕ್ಕೆ ಹೇಳೋರು ಯಾರು, ಯಾವ ಜಾಗದಲ್ಲಿ ನಿಂತು ಹೇಳ್ತಾರೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಅಂಕಣ ಅನ್ನೋ ಮಾತನ್ನ ನೋಡಿ. ನಮ್ಮ ಕಡೆ ಹಳೇ ಮನೆಗಳನ್ನ ಅಂಕಣದ ಲೆಕ್ಕದಲ್ಲಿ ಹೇಳ್ತಾರೆ. ಮೂರಂಕಣದ ಮನೆ, ಐದಂಕಣದ ಮನೆ. ಒಂದು ಕಂಬಕ್ಕೂ ಇನ್ನೊಂದು ಕಂಬಕ್ಕೂ ನಡುವಿನ ಜಾಗಕ್ಕೆ ಅಂಕಣ ಅಂತಾರೆ. ಆ ಮನೆಗಳಿಗೆ ಜಗಲಿಯೂ ಇರ್ತಿತ್ತು. ನಮ್ಮ ಅಪ್ಪ ಅಮ್ಮಂದಿರು ಆ ಮನೆಗೆ ಕೂಲಿ ಕೇಳೋಕೆ ಹೋದಾಗ ಜಗಲಿಯ ಕೆಳಗೆ ನಿಂತು ಕೂಗಬೇಕಿತ್ತು. ಒಳಗಿನ ಅಂಕಣ ಹೇಗಿತ್ತು ಅಂತ ಅವರು ನೋಡಿರಲಿಲ್ಲ.

ಪತ್ರಿಕೆಯೂ ಹೀಗೇ ಕಟ್ಟಿದ ಮನೆ. ಅದರಲ್ಲಿ ಸುದ್ದಿಗೆ ಒಂದು ಜಾಗ, ಜಾಹೀರಾತಿಗೆ ಒಂದು ಜಾಗ. ‘ವಾಚಕರ ವಾಣಿ’ ಅಂತ ಇರುತ್ತಲ್ಲ, ಅದು ಜಗಲಿ. ಅಲ್ಲಿ ಯಾರು ಬೇಕಾದರೂ ಕೂಗಬಹುದು, ಕೇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಒಳಗೆ ಕಂಬಕ್ಕೆ ಒರಗಿ ಕೂತು, ವಾರ ವಾರವೂ ಅದೇ ಜಾಗದಲ್ಲಿ, ತನ್ನ ಹೆಸರು ಹಾಕಿಕೊಂಡು ಲೋಕದ ಮೇಲೆ ಅಭಿಪ್ರಾಯ ಹೇಳೋನು ಅಂಕಣಕಾರ. ನಾವು ಹಾಸ್ಟೆಲಿನಲ್ಲಿದ್ದಾಗ ಕೇರಿಯ ಕುಡಿಯುವ ನೀರಿನ ಬಗ್ಗೆ ಎರಡು ಪುಟ ಬರೆದು ಒಂದು ಪತ್ರಿಕೆಗೆ ಕಳಿಸಿದ್ದೆವು. ಮೂರು ಸಾಲು ಬಂತು. ನೀರಿಲ್ಲ ಅನ್ನೋ ಗೋಳು ಉಳಿದಿತ್ತು. ಯಾಕೆ ಇಲ್ಲ, ಯಾರ ಬೀದಿಗೆ ಮೊದಲು ಪೈಪು ಹೋಯ್ತು ಅನ್ನೋ ನಮ್ಮ ವಾದ ಬಿದ್ದುಹೋಗಿತ್ತು. ನಮ್ಮ ಗೋಳಿಗೆ ಪತ್ರಿಕೆಯಲ್ಲಿ ಜಾಗ ಸಿಗುತ್ತೆ, ನಮ್ಮ ವಾದಕ್ಕೆ ಸಿಗೋದಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ.

ನಾವು ಕೂತಿರೋ ಈ ಊರನ್ನೇ ನೋಡಿ. ಕಾವೇರಿ ದಡದ ರುದ್ರಪಟ್ಟಣ ಅಂದರೆ ಸಂಗೀತ. 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಈ ಊರಿನವರು. 1868ರಲ್ಲಿ ಇಲ್ಲೇ ಹುಟ್ಟಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನ ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು. ದೊಡ್ಡ ಕೆಲಸ, ಅನುಮಾನವೇ ಬೇಡ. ಆದರೆ ಅದೇ ಅರ್ಥಶಾಸ್ತ್ರದಲ್ಲಿ ಕೋಟೆ ಊರು ಹೇಗೆ ಕಟ್ಟಬೇಕು ಅನ್ನೋ ಭಾಗ ಬರುತ್ತೆ. ಯಾವ ವರ್ಣದವರು ಯಾವ ದಿಕ್ಕಿನಲ್ಲಿರಬೇಕು ಅಂತ ಹೇಳ್ತಾ ಹೇಳ್ತಾ, ಚಂಡಾಲರು ಸ್ಮಶಾನದ ಅಂಚಿನಲ್ಲಿರಬೇಕು ಅಂತ ಬರುತ್ತೆ. ಯಾರೋ ಒಬ್ಬ ಕೂತು ಬರೆದ ಅಭಿಪ್ರಾಯ ಅದು. ಈಗ ನಿಮ್ಮ ನಿಮ್ಮ ಊರಿನ ಕೇರಿ ಎಲ್ಲಿದೆ ಅಂತ ನೆನೆಸಿಕೊಳ್ಳಿ. ಬರೆದಿಟ್ಟ ಅಭಿಪ್ರಾಯ ಬರೀ ಮಾತಾಗಿ ಉಳಿಯಲ್ಲ, ಊರಿನ ನಕ್ಷೆಯಾಗುತ್ತೆ. ಅದಕ್ಕೇ ಅಭಿಪ್ರಾಯ ಬರೆಯೋರು ಯಾರು ಅನ್ನೋ ಪ್ರಶ್ನೆ ನಮಗೆ ಹೊಟ್ಟೆಯ ಪ್ರಶ್ನೆಯಷ್ಟೇ ದೊಡ್ಡದು.

ಈಗ ಆ ಅಂಕಣಕಾರನ ಕತೆ. ಕನ್ನಡದಲ್ಲಿ ಅಭಿಪ್ರಾಯ ಬರೆಯೋದನ್ನೇ ಬದುಕು ಮಾಡಿಕೊಂಡವರು, ಆ ಬರಹದಿಂದಲೇ ಸರ್ಕಾರಗಳ ನಿದ್ದೆ ಕೆಡಿಸಿದವರು ಅಂದರೆ ಪಿ. ಲಂಕೇಶ್. 1935ರ ಮಾರ್ಚ್ 8ರಂದು ಶಿವಮೊಗ್ಗದ ಕೊನಗವಳ್ಳಿಯಲ್ಲಿ ಹುಟ್ಟಿದರು. ಲಿಂಗಾಯತ ರೈತರ ಮನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಇಂಗ್ಲಿಷ್ ಓದಿ, ಸುಮಾರು ಎರಡು ದಶಕ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಕತೆ ಬರೆದರು, ಪದ್ಯ ಬರೆದರು, ನಾಟಕ ಬರೆದರು. 1970ರ ‘ಸಂಸ್ಕಾರ’ ಸಿನಿಮಾದಲ್ಲಿ ನಾರಣಪ್ಪನ ಪಾತ್ರ ಮಾಡಿದವರು ಅವರೇ. ‘ಸಂಕ್ರಾಂತಿ’ ನಾಟಕದಲ್ಲಿ ಬಸವಣ್ಣನ ಕಾಲದ ಕಲ್ಯಾಣವನ್ನ ತಂದಾಗ ಅರಮನೆಯವರ ಜೊತೆ ಕೇರಿಯವರನ್ನೂ ರಂಗದ ಮೇಲೆ ನಿಲ್ಲಿಸಿದರು. ‘ಪಲ್ಲವಿ’ ಸಿನಿಮಾ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಂಬಳ ಇತ್ತು, ಹೆಸರಿತ್ತು. ಸುಮ್ಮನೆ ಇದ್ದಿದ್ದರೆ ಪಿಂಚಣಿಯೂ ಬರ್ತಿತ್ತು. ಅದನ್ನ ಬಿಟ್ಟು ಪತ್ರಿಕೆ ಮಾಡಿದರು.

ಯಾಕೆ ಬಿಟ್ಟರು ಅಂತ ತಿಳೀಬೇಕಾದರೆ ಆ ಕಾಲ ಹೇಗಿತ್ತು ಅಂತ ತಿಳೀಬೇಕು. ನಮ್ಮ ಕಡೆಯಿಂದ ಒಂದು ಸಂಗತಿ ಹೇಳ್ತೀವಿ. 1973ರ ನವೆಂಬರ್. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿ. ಮನುಷ್ಯರ ತಲೆ ಮೇಲೆ ಮಲ ಹೊರಿಸೋ ಪದ್ಧತಿ ನಿಲ್ಲಬೇಕು ಅಂತ ಆಜ್ಞೆ ಮಾಡಿಸಿದವರು. ಮೈಸೂರಿನಲ್ಲಿ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದು ಒಂದು ಅಭಿಪ್ರಾಯ. ಒಪ್ಪದವರು ಎದುರು ಅಭಿಪ್ರಾಯ ಬರೆಯಬಹುದಿತ್ತು. ಆದದ್ದೇನು? ಬೀದಿಯಲ್ಲಿ ಗಲಾಟೆ, ಕಲ್ಲು, ದಲಿತ ವಿದ್ಯಾರ್ಥಿಗಳ ಮೇಲೆ ಏಟು. ಬಸವಲಿಂಗಪ್ಪ ಮಂತ್ರಿ ಪದವಿಯನ್ನೇ ಬಿಡಬೇಕಾಯ್ತು. ಸಾಹಿತ್ಯವನ್ನ ಅದಕ್ಕಿಂತ ಕಟುವಾಗಿ ಬೈದ ವಿಮರ್ಶಕರು ಎಷ್ಟೋ ಜನ ಇದ್ದರು, ಅವರ ಮನೆಗೆ ಯಾರೂ ಕಲ್ಲು ತೂರಲಿಲ್ಲ. ಅವರಿಗೆ ಅಭಿಪ್ರಾಯ ಹೇಳೋ ಹಕ್ಕು ಹುಟ್ಟಿನಿಂದ ಬಂದಿತ್ತು. ನಮ್ಮವನು ಹೇಳಿದರೆ ಅದು ಅಭಿಪ್ರಾಯ ಅಲ್ಲ, ಅಧಿಕಪ್ರಸಂಗ. ಆ ಗಲಾಟೆಯ ಏಟಿನಿಂದಲೇ ಹಾಸ್ಟೆಲ್ ಹುಡುಗರು ಒಬ್ಬರನ್ನೊಬ್ಬರು ಹುಡುಕಿಕೊಂಡು ಬಂದದ್ದು. ‘ಪಂಚಮ’ ಅನ್ನೋ ನಮ್ಮದೇ ಪತ್ರಿಕೆ ಬಂದದ್ದು, ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಅದೇ ದಶಕದಲ್ಲಿ.

ಲಂಕೇಶರು ಆ ಕಾಲದ ಮನುಷ್ಯ. ತಮ್ಮ ಪತ್ರಿಕೆ ಶುರು ಮಾಡೋ ಮೊದಲು ‘ಪ್ರಜಾವಾಣಿ’ಯಲ್ಲಿ ಅಂಕಣ ಬರೆದರು. ಬೇರೆಯವರ ಮನೆಯ ಅಂಕಣದಲ್ಲಿ ಕೂತೋನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತೆ. ಮನೆ ಯಾರದೋ ಕೊನೆ ಮಾತು ಅವರದು. 1980ರ ಜುಲೈನಲ್ಲಿ ‘ಲಂಕೇಶ್ ಪತ್ರಿಕೆ’ ಬಂತು. ಕಪ್ಪು ಬಿಳುಪಿನ ವಾರಪತ್ರಿಕೆ. ಅದೇ ತಿಂಗಳ 21ರಂದು ನವಲಗುಂದ, ನರಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. ಗುಂಡೂರಾವ್ ಆಗ ಮುಖ್ಯಮಂತ್ರಿ. ರಾಜ್ಯ ಕುದೀತಿತ್ತು, ಕುದಿಯೋ ಮಾತನ್ನ ಕುದಿಯೋ ಹಾಗೇ ಬರೆಯೋ ಪತ್ರಿಕೆ ಬೇಕಾಗಿತ್ತು.

ಆ ಪತ್ರಿಕೆ ನಡೆದ ರೀತಿಯನ್ನ ಹುಡುಗರು ಸರಿಯಾಗಿ ತಿಳಕೋಬೇಕು. ಅದು ಜಾಹೀರಾತು ತಗೊಳ್ತಿರಲಿಲ್ಲ. ಸರ್ಕಾರದ್ದೂ ಇಲ್ಲ, ಸೋಪಿನ ಕಂಪನಿಯದೂ ಇಲ್ಲ. ಪೇಪರಿಗೆ, ಅಚ್ಚಿಗೆ, ವರದಿಗಾರರಿಗೆ ದುಡ್ಡು ಬರಬೇಕಾದ್ದು ಓದುಗ ಕೊಡೋ ಚಿಲ್ಲರೆಯಿಂದಲೇ. ಜಾಹೀರಾತು ಬೇಕು ಅನ್ನೋ ಪತ್ರಿಕೆ ಜಾಹೀರಾತು ಕೊಡೋನ ಮುಖ ನೋಡಬೇಕಾಗುತ್ತೆ. ಬೇಡ ಅನ್ನೋ ಪತ್ರಿಕೆ ಓದುಗನ ಮುಖ ನೋಡಿದರೆ ಸಾಕು. ಆ ಓದುಗ ಯಾರು? ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮೇಷ್ಟ್ರು, ಗುಮಾಸ್ತ, ರೈತ ಸಂಘದ ಹಸಿರು ಟವೆಲಿನವನು, ಹಾಸ್ಟೆಲಿನಲ್ಲಿ ಒಂದೇ ಪ್ರತಿಯನ್ನ ಹತ್ತು ಕೈ ದಾಟಿಸಿ ಓದೋ ಹುಡುಗ. ಹಾಸ್ಟೆಲಿನಲ್ಲಿ ನಾವು ಸರದಿ ಹಾಕಿ ಓದಿದ್ದೇವೆ. ಪುಟ ಹರಿದಿರ್ತಿತ್ತು, ಅಂಚಿನಲ್ಲಿ ಯಾರೋ ಜಗಳ ಬರೆದಿರ್ತಿದ್ದರು. ಹಾಗೆ ಓದುಗರು ಕೊಂಡ ಪತ್ರಿಕೆ ಅದು.

ಅದರೊಳಗೆ ‘ಟೀಕೆ ಟಿಪ್ಪಣಿ’ ಅಂತ ಲಂಕೇಶರ ಅಂಕಣ. ವಾರಕ್ಕೊಮ್ಮೆ, ತಪ್ಪದೆ, ಇಪ್ಪತ್ತು ವರ್ಷ. ಕಾಯಿಲೆ ಇರಲಿ, ಕೋರ್ಟಿನ ಕೇಸಿರಲಿ, ವಾರ ನಿಲ್ಲಲ್ಲ. ಒಂದು ವಾರ ಮುಖ್ಯಮಂತ್ರಿ, ಇನ್ನೊಂದು ವಾರ ಮಳೆ, ಮತ್ತೊಂದು ವಾರ ಒಂದು ಪುಸ್ತಕ, ಆಮೇಲೊಂದು ಕೊಲೆ. ಸಣ್ಣ ವಾಕ್ಯ. ಸಂಸ್ಕೃತದ ಭಾರ ಕಮ್ಮಿ. ‘ಅಭಿಪ್ರಾಯ ಹೇಳೋದಕ್ಕೆ ಪಂಡಿತ ಆಗಬೇಕಾಗಿಲ್ಲ, ಕಣ್ಣು ಬಿಟ್ಟು ನೋಡಬೇಕು, ನೋಡಿದ್ದನ್ನ ಹೆದರದೆ ಬರೀಬೇಕು’ ಅನ್ನೋ ಧೈರ್ಯವನ್ನ ಆ ಅಂಕಣ ಹಳ್ಳಿಯ ಹುಡುಗರಿಗೆ ಕೊಡ್ತು. ಇದು ಲಂಕೇಶರಿಂದ ನಾವು ಕಲಿತದ್ದು. ಅದನ್ನ ಮುಚ್ಚಿಡಬಾರದು.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಜಗಲಿಯಲ್ಲಿ ನಿಂತವರನ್ನ ಒಳಕ್ಕೆ ಕರೆದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಮೊದಲು ಬಂದದ್ದು ಆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ. ನಮ್ಮ ಹಾಸನದ ಹೆಣ್ಣುಮಗಳು ಬಾನು ಮುಷ್ತಾಕ್ 1981ರಿಂದ ಸುಮಾರು ಒಂಬತ್ತು ವರ್ಷ ಅದೇ ಪತ್ರಿಕೆಗೆ ವರದಿ ಮಾಡಿದರು. ಇವರ ಕತೆ ನಿಮಗೆ ಗೊತ್ತಿರಬೇಕು. ಶಿವಮೊಗ್ಗದ ಕನ್ನಡ ಶಾಲೆಗೆ ಎಂಟು ವರ್ಷದ ಮಗುವನ್ನ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲೀಬೇಕು ಅನ್ನೋ ಷರತ್ತು ಹಾಕಿದರು. ಕೆಲವೇ ದಿನಕ್ಕೆ ಆ ಮಗು ಬರೆದು ತೋರಿಸಿತು. ಆಮೇಲೆ ಪತ್ರಕರ್ತೆ, ವಕೀಲೆ, ಹಾಸನದ ನಗರಸಭೆಗೆ ಎರಡು ಸಲ ಗೆದ್ದ ಸದಸ್ಯೆ, ಬಂಡಾಯದ ಕತೆಗಾರ್ತಿ. 2000ದಲ್ಲಿ, ಹೆಂಗಸರೂ ಮಸೀದಿಗೆ ಹೋಗಬಹುದು ಅಂತ ಹೇಳಿದ್ದಕ್ಕೆ ಬಹಿಷ್ಕಾರ ಹಾಕಿದರು, ಚಾಕು ಹಿಡಿದು ಬಂದವನೂ ಇದ್ದ. ಅವರು ಬರೆಯೋದನ್ನ ಬಿಡಲಿಲ್ಲ. 2025ರ ಮೇ ತಿಂಗಳಲ್ಲಿ ಅವರ ಕನ್ನಡ ಕತೆಗಳಿಗೆ, ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದಕ್ಕೆ, ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ನಾವು ಹೇಳೋದು ಬಹುಮಾನದ ಮಾತಲ್ಲ. 1981ರಲ್ಲಿ ಹಾಸನದ ಒಬ್ಬ ಮುಸ್ಲಿಂ ಹೆಂಗಸಿನ ಬರಹವನ್ನ ಅಚ್ಚು ಹಾಕೋ ಒಂದು ಮನೆ ಇತ್ತಲ್ಲ, ಆ ಬಾಗಿಲಿನ ಮಾತು.

ಇಷ್ಟಾದ ಮೇಲೂ ಒಂದು ಮಾತನ್ನ ಗಟ್ಟಿಯಾಗಿ ಹೇಳಬೇಕು. ಹೊಗಳಿ ಚಪ್ಪಾಳೆ ತಟ್ಟಿ ಹೋಗೋದಕ್ಕೆ ನಾವು ಸೇರಿಲ್ಲ. ಒಳ್ಳೆಯ ಯಜಮಾನನ ಮನೆಯೂ ಯಜಮಾನನ ಮನೆಯೇ. ಪತ್ರಿಕೆಯ ಹೆಸರೇ ಅವರ ಹೆಸರು. ಯಾರು ಒಳಗೆ, ಯಾರು ಹೊರಗೆ, ಯಾರ ಬರಹ ಎಷ್ಟು ಅನ್ನೋದು ಒಬ್ಬ ಮನುಷ್ಯನ ಅಭಿರುಚಿ. ಅವರಿಗೆ ಸಿಟ್ಟು ಬಂದರೆ ನಿನ್ನೆಯ ಗೆಳೆಯ ಇವತ್ತಿನ ಟೀಕೆ. ಅಂಕಣದಿಂದ ಸರ್ಕಾರವನ್ನ ಅಲ್ಲಾಡಿಸಬಹುದು ಅಂತ ಕಂಡ ಮೇಲೆ ಅವರೂ 1980ರ ದಶಕದ ಕೊನೆಗೆ ‘ಪ್ರಗತಿರಂಗ’ ಅಂತ ರಾಜಕೀಯಕ್ಕೆ ಇಳಿದರು. ಅದು ನಿಲ್ಲಲಿಲ್ಲ. ಓದುಗ ಬೇರೆ, ಮತದಾರ ಬೇರೆ. ವಾರಕ್ಕೊಮ್ಮೆ ಬರೆಯೋದು ಬೇರೆ, ಕೇರಿ ಕೇರಿ ಸುತ್ತಿ ಸಂಘಟನೆ ಕಟ್ಟೋದು ಬೇರೆ.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ಮನೆ ಮಕ್ಕಳಿಗೆ ಹೋಯ್ತು, ಮಕ್ಕಳಲ್ಲಿ ಭಿನ್ನಾಭಿಪ್ರಾಯ ಬಂತು. ಮಗಳು ಗೌರಿ 2005ರಲ್ಲಿ ತಮ್ಮದೇ ‘ಗೌರಿ ಲಂಕೇಶ್ ಪತ್ರಿಕೆ’ ಶುರು ಮಾಡಿದರು, ‘ಕಂಡ ಹಾಗೆ’ ಅಂತ ಅಂಕಣ ಬರೆದರು. ಜಾತಿಯ ಬಗ್ಗೆ, ಕೋಮುವಾದದ ಬಗ್ಗೆ ಬರೆದರು. ಮಾನನಷ್ಟದ ಕೇಸಿನಲ್ಲಿ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ಹೇಳಿತು, ಜಾಮೀನು ಸಿಕ್ಕಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆ ಬಾಗಿಲಲ್ಲೇ ಗುಂಡಿಗೆ ಬಿದ್ದರು. ಅಪ್ಪನ ಕಾಲದಲ್ಲಿ ಅಂಕಣಕ್ಕೆ ಕೋರ್ಟು ಕೇಸಿನ ಬೆಲೆ ಇತ್ತು. ಮಗಳ ಕಾಲಕ್ಕೆ ಅದು ಪ್ರಾಣದ ಬೆಲೆಯಾಯ್ತು. ಬರೀ ಮಾತು ಅಂತ ಯಾರಾದರೂ ಅಂದರೆ ಅವರಿಗೆ ಈ ದಿನಾಂಕ ಹೇಳಿ. ಬರೀ ಮಾತಿಗೆ ಯಾರೂ ಗುಂಡು ಹಾಕಲ್ಲ.

ಹಾಗಾದರೆ ನಮ್ಮ ಮನೆ ಎಲ್ಲಿ? ಇದಕ್ಕೆ ಉತ್ತರ ಲಂಕೇಶರಿಗಿಂತ ಅರವತ್ತು ವರ್ಷ ಹಿಂದೆಯೇ ಇದೆ. 1920ರ ಜನವರಿ 31ರಂದು ಬಾಬಾಸಾಹೇಬ್ ಅಂಬೇಡ್ಕರ್ ಮುಂಬಯಿಯಲ್ಲಿ ‘ಮೂಕನಾಯಕ’ ಶುರು ಮಾಡಿದರು. ಕೊಲ್ಹಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟರು. ಆ ಪತ್ರಿಕೆ ಬರ್ತಾ ಇದೆ ಅನ್ನೋ ಜಾಹೀರಾತನ್ನ, ದುಡ್ಡು ಕೊಡ್ತೀವಿ ಅಂದರೂ, ‘ಕೇಸರಿ’ ಹಾಕಲಿಲ್ಲ. ತಿಲಕರು ಆಗಿನ್ನೂ ಬದುಕಿದ್ದರು. ಸ್ವರಾಜ್ಯ ಜನ್ಮಸಿದ್ಧ ಹಕ್ಕು ಅಂದವರ ಪತ್ರಿಕೆಯಲ್ಲಿ ಅಸ್ಪೃಶ್ಯರಿಗೆ ಕೊಂಡ ಜಾಗವೂ ಸಿಗಲಿಲ್ಲ. 1927ರಲ್ಲಿ ‘ಬಹಿಷ್ಕೃತ ಭಾರತ’ ತಂದಾಗ ಬರೆಯೋರು ಸಾಕಷ್ಟು ಇರಲಿಲ್ಲ, ಬಾಬಾಸಾಹೇಬರೇ ಕೂತು ಹೆಚ್ಚಿನ ಪುಟ ತುಂಬಿಸಿದರು. 1930ರಲ್ಲಿ ‘ಜನತಾ’, 1956ರಲ್ಲಿ ಅದೇ ‘ಪ್ರಬುದ್ಧ ಭಾರತ’. ಪುಸ್ತಕದ ಅಂಬೇಡ್ಕರ್, ಸಂವಿಧಾನದ ಅಂಬೇಡ್ಕರ್ ನಿಮಗೆ ಗೊತ್ತು. ಗಡಿಯಾರ ನೋಡಿಕೊಂಡು ಸಂಚಿಕೆ ಮುಗಿಸೋ ಅಂಬೇಡ್ಕರನ್ನೂ ತಿಳಕೊಳ್ಳಿ. ಭಾರತದ ದೊಡ್ಡ ಅಂಕಣಕಾರರಲ್ಲಿ ಅವರೊಬ್ಬರು.

ನೂರು ವರ್ಷ ಆಯ್ತಲ್ಲ, ಈಗ ಬದಲಾಗಿರಬೇಕಲ್ಲ ಅಂತೀರಿ. ಲೆಕ್ಕ ನೋಡಿ. 1996ರಲ್ಲಿ ಬಿ.ಎನ್. ಉನಿಯಾಲ್ ಅನ್ನೋ ಪತ್ರಕರ್ತರು ದಿಲ್ಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನ ಹುಡುಕಿ ಹೊರಟರು. ಸರ್ಕಾರದ ಮಾನ್ಯತಾ ಪಟ್ಟಿಯಲ್ಲಿದ್ದ 686 ಹೆಸರು ಜಾಲಾಡಿ ಒಬ್ಬರನ್ನೂ ಕಾಣದೆ ‘ಪಯೋನೀರ್’ ಪತ್ರಿಕೆಯಲ್ಲಿ ಹಾಗೇ ಬರೆದರು. ಅದೇ ಪತ್ರಿಕೆಯಲ್ಲಿ 1999ರಿಂದ ಚಂದ್ರಭಾನ್ ಪ್ರಸಾದ್ ‘ದಲಿತ್ ಡೈರಿ’ ಅಂಕಣ ಬರೆದರು. ಇಂಗ್ಲಿಷ್ ದಿನಪತ್ರಿಕೆಯಲ್ಲಿ ದಲಿತನೊಬ್ಬನಿಗೆ ವಾರದ ಅಂಕಣ ಅನ್ನೋದೇ ಆಗ ಹೊಸದು. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಮಾಡಿದ ಅಧ್ಯಯನದಲ್ಲಿ ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರು. ಪರಿಶಿಷ್ಟ ಜಾತಿ, ಪಂಗಡದವರು ಎಷ್ಟು? ಸೊನ್ನೆ. ಇಷ್ಟು ದೊಡ್ಡ ಮನೆ, ಇಷ್ಟೊಂದು ಅಂಕಣ, ಒಂದು ಕಂಬಕ್ಕೂ ನಮ್ಮವರು ಒರಗಿ ಕೂತಿಲ್ಲ.

ದಿಲ್ಲಿ ದೂರ ಅನ್ನೋದಾದರೆ ಪಕ್ಕದ ಹೊಳೆನರಸೀಪುರ ತಾಲ್ಲೂಕಿಗೆ ಬನ್ನಿ. 2015ರಲ್ಲಿ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದ ಒಳಗೆ ಹೋದರು ಅಂತ ದಂಡ ಹಾಕಿದರು. ಸುದ್ದಿ ರಾಜ್ಯದ ತುಂಬ ಹೋಯ್ತು, ಹೊರಗಿನವರು ಬಂದರು, ಬರೆದರು. ನಾವು ಕೇಳೋದು ಇಷ್ಟೆ. ಆ ಹೆಣ್ಣುಮಕ್ಕಳ ಫೋಟೋಗೆ ಜಾಗ ಸಿಕ್ಕಿತು. ಅವರ ಕೇರಿಯಲ್ಲಿ ಹುಟ್ಟಿ ಓದಿದ ಒಬ್ಬ ಹುಡುಗಿ, ‘ಇದು ಹೀಗೆ ಆಯ್ತು, ಇದಕ್ಕೆ ಕಾರಣ ಇದು, ನಮ್ಮ ಅಭಿಪ್ರಾಯ ಇದು’ ಅಂತ ತನ್ನ ಹೆಸರಿನಲ್ಲಿ ವಾರ ವಾರ ಬರೆಯೋ ಜಾಗ ಎಲ್ಲಿದೆ? ಫೋಟೋ ಒಂದು ದಿನ ಇರುತ್ತೆ. ದಂಡ ಹಾಕಿದವರು ಅದೇ ಊರಿನಲ್ಲಿ ವರ್ಷವಿಡೀ ಇರ್ತಾರೆ. ಅಂಕಣ ಬೇಕಾಗೋದು ಆ ವರ್ಷಕ್ಕೆ.

ಈಗ ಕೆಲಸದ ಮಾತು. ಬರೀ ಸಿಟ್ಟು ಬರಹ ಆಗಲ್ಲ. ಲಂಕೇಶರ ಹತ್ತಿರ ಮೇಷ್ಟ್ರ ಓದಿತ್ತು, ಬಾನು ಅವರ ಹತ್ತಿರ ವಕೀಲೆಯ ಕಾಗದ ಪತ್ರ ಇತ್ತು, ಬಾಬಾಸಾಹೇಬರ ಹತ್ತಿರ ಇಡೀ ಲೈಬ್ರರಿ ಇತ್ತು. ನಿಮ್ಮ ಹತ್ತಿರ ಏನಿದೆ? ಮಾಹಿತಿ ಹಕ್ಕು ಕಾಯ್ದೆ 2005 ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಹಾಸ್ಟೆಲಿಗೆ ಎಷ್ಟು ಅಕ್ಕಿ ಬಂತು, ಎಷ್ಟು ದುಡ್ಡು ಬಂತು ಅಂತ ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಪರಿಶಿಷ್ಟರ ಉಪಯೋಜನೆಗೆ 2013ರ ಕಾಯ್ದೆ ಇದೆ. ನಿಮ್ಮ ಪಂಚಾಯ್ತಿಯಲ್ಲಿ ಆ ದುಡ್ಡು ಯಾವ ರಸ್ತೆಗೆ ಹೋಯ್ತು ಅಂತ ಕೇಳಿ. ಉತ್ತರ ಬಂದ ಕಾಗದವನ್ನ ಮುಂದಿಟ್ಟುಕೊಂಡು ಬರೀರಿ. ‘ಅನ್ಯಾಯ ಆಗಿದೆ’ ಅಂತ ಹತ್ತು ಸಲ ಬರೆದರೆ ಕಣ್ಣು ದಾಟಿಹೋಗುತ್ತೆ. ಇಷ್ಟು ಬಂದಿತ್ತು, ಇಷ್ಟು ತಲುಪಿತು, ನಡುವಿನದು ಎಲ್ಲಿ ಅಂತ ಒಂದು ಸಲ ಬರೆದರೆ ತಾಲ್ಲೂಕು ಆಫೀಸಿನವನಿಗೆ ಬೆವರು ಬರುತ್ತೆ.

ಎರಡನೇದು, ವಾರ ತಪ್ಪಿಸಬೇಡಿ. ಗಲಾಟೆ ಆದಾಗ ಒಂದು ಬರಹ, ಆಮೇಲೆ ಆರು ತಿಂಗಳು ಮೌನ ಅಂದರೆ ಅದು ಜಗಲಿಯ ಕೂಗು. ಒಂದು ವಾರ ಊಟ, ಇನ್ನೊಂದು ವಾರ ಹೆಣ್ಣುಮಕ್ಕಳ ಹಾಸ್ಟೆಲಿನ ಕಕ್ಕಸು, ಮತ್ತೊಂದು ವಾರ ನಮ್ಮ ಕೇರಿಯೊಳಗೇ ನಾವು ಹೆಂಗಸರಿಗೆ ಮಾಡೋ ಅನ್ಯಾಯ. ಹೌದು, ಅದನ್ನೂ ಬರೀಬೇಕು. ಬಾನು ಮುಷ್ತಾಕ್ ತಮ್ಮವರ ತಪ್ಪನ್ನ ತಮ್ಮವರ ಮುಂದೆಯೇ ಹೇಳಿ ಚಾಕು ಕಂಡರು. ಎದುರಿನವನ ತಪ್ಪು ಮಾತ್ರ ಬರೆಯೋನು ಅರ್ಧ ಅಂಕಣಕಾರ.

ಮೂರನೇದು, ಮನೆ ನಿಮ್ಮದಾಗಿರಲಿ, ಆದರೆ ಒಬ್ಬನ ಮನೆ ಆಗಬಾರದು. ಸೈಕ್ಲೋಸ್ಟೈಲಿನ ಹಾಳೆಯಾಗಲಿ, ಹಾಸ್ಟೆಲಿನ ಗೋಡೆಯಾಗಲಿ, ಜೇಬಿನಲ್ಲಿರೋ ಮೊಬೈಲಾಗಲಿ, ಐದು ಜನ ಕೂತು ಓದಿ, ತಿದ್ದಿ, ಒಪ್ಪಿ ಹೊರಗೆ ಬಿಡಿ. ಆ ಐದರಲ್ಲಿ ಇಬ್ಬರಾದರೂ ಹುಡುಗಿಯರಿರಲಿ. ದೊಡ್ಡ ಪತ್ರಿಕೆ ಕರೆದರೆ ಹೋಗಿ ಬರೀರಿ, ಬೇಡ ಅನ್ನಬೇಡಿ. ಆದರೆ ಅವರು ಬಾಗಿಲು ಹಾಕಿದ ದಿನ ಬಂದು ಕೂರೋಕೆ ನಿಮ್ಮದೊಂದು ಅಂಕಣ ಇರಬೇಕು.

ಇವತ್ತು ಶುರು ಮಾಡೋಣ. ಪ್ರತಿ ಹಾಸ್ಟೆಲಿನಿಂದ ಒಬ್ಬರು, ಒಂದು ವಿಷಯ, ಎರಡು ಪುಟ, ಕೈಬರಹವಾದರೂ ಸರಿ. ಕಾಗುಣಿತದ ತಪ್ಪು ಇದ್ದರೆ ನಾವು ತಿದ್ತೀವಿ. ವಾದಕ್ಕೆ ಮಾತ್ರ ಕತ್ತರಿ ಹಾಕಲ್ಲ. ಬರೆದವರ ಹೆಸರು ಕೆಳಗೆ ಪೂರ್ತಿ ಇರಲಿ. ಊರಿನ ಹೆಸರೂ ಇರಲಿ.